ವಿಗ್ ಕೊಳ್ಳುವಾಗ ಕೂದಲು ಎಷ್ಟು ದಟ್ಟ ಇರಬೇಕು?

ಅಕ್ಕನಿಗೆ ಕೀಮೊ ಶುರುವಾಗುವ ಮೊದಲೇ ವಿಗ್ ತಂದಿಡೋಣ ಅಂತ ನಾವಿಬ್ಬರೂ ಒಂದು ಅಂಗಡಿಗೆ ಹೋಗಿದ್ದೆವು. ಅಲ್ಲಿದ್ದವರು ಸೊಂಪಾದ ವಿಗ್ ಒಂದನ್ನು ತಂದು ಅವಳ ತಲೆಗೆ ಹಾಕಿದರು. ಕನ್ನಡಿಯಲ್ಲಿ ಚೆನ್ನಾಗೇ ಕಂಡಿತು. ಕೂದಲು ಹೋಗುತ್ತದೆ ಅನ್ನುವ ಭಯದಲ್ಲಿದ್ದವರಿಗೆ ತಲೆತುಂಬ ಕೂದಲು ಕಂಡರೆ ಎಷ್ಟು ಸಮಾಧಾನ ಆಗುತ್ತದೆ ಅಲ್ವಾ? ಬೇರೆ ಏನೂ ಕೇಳದೆ ತಗೊಂಡು ಬಂದೆವು. ಮನೆಯಲ್ಲಿ ಅಮ್ಮ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೆ ಯಾವತ್ತು ಕಣೇ ಇಷ್ಟು ಕೂದಲಿತ್ತು?" ಅಂದರು. ಅಕ್ಕ ಅದನ್ನು ತೆಗೆದು ಡಬ್ಬಕ್ಕೆ ಹಾಕಿದವಳು ಮತ್ತೆ ಮುಟ್ಟಲಿಲ್ಲ.

ಎರಡನೇ ವಿಗ್ ಆರಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾವು ಬಣ್ಣ ಕೇಳುತ್ತೇವೆ, ಉದ್ದ ಕೇಳುತ್ತೇವೆ, ಬೆಲೆ ಕೇಳುತ್ತೇವೆ. ಕೂದಲು ಎಷ್ಟು ದಟ್ಟ ಅಂತ ಕೇಳುವುದಿಲ್ಲ. ಆದರೆ ಎದುರಿಗಿರುವವರಿಗೆ 'ಇದು ವಿಗ್' ಅಂತ ಗೊತ್ತಾಗಿಬಿಡುವುದು ಬಹಳ ಸಲ ಅದರಿಂದಲೇ.

ಮೊದಲು ಹಳೆಯ ಜಡೆ ನೋಡಿ

ಅಂಗಡಿಗೆ ಹೋಗುವ ಮುಂಚೆ ಕೂದಲು ಚೆನ್ನಾಗಿದ್ದಾಗಿನ ಎರಡು ಮೂರು ಫೋಟೊ ಹುಡುಕಿಟ್ಟುಕೊಳ್ಳಿ. ಮದುವೆ ಫೋಟೊ ಬೇಡ, ಅದರಲ್ಲಿ ಚೌರಿ ಸೇರಿರುತ್ತದೆ. ಮನೆಯಲ್ಲೋ ಆಫೀಸಿನಲ್ಲೋ ಸುಮ್ನೆ ತೆಗೆದದ್ದು ಸಾಕು. ಬೈತಲೆ ಎಷ್ಟು ಅಗಲ ಕಾಣುತ್ತದೆ, ಕಿವಿಯ ಹತ್ತಿರ ಎಷ್ಟು ತೆಳು, ತುದಿಗೆ ಬರುವಷ್ಟರಲ್ಲಿ ಜಡೆ ಎಷ್ಟು ಸಣ್ಣ ಆಗಿದೆ ಎಂದು ನೋಡಿ.

ಕೂದಲು ಇನ್ನೂ ಇದ್ದರೆ ಅಳೆಯಲೂಬಹುದು. ಎಲ್ಲವನ್ನೂ ಹಿಂದಕ್ಕೆ ಎಳೆದು ಒಂದೇ ಜುಟ್ಟು ಕಟ್ಟಿ, ರಬ್ಬರ್ ಬ್ಯಾಂಡ್ ಇರುವ ಜಾಗಕ್ಕೆ ಒಂದು ದಾರ ಸುತ್ತಿ. ಆ ದಾರ 2 ಇಂಚಿಗಿಂತ ಕಡಿಮೆ ಇದ್ದರೆ ತೆಳು ಕೂದಲು. 2ರಿಂದ 4 ಇಂಚಿನೊಳಗೆ ಇದ್ದರೆ ಸಾಧಾರಣ. ಅದಕ್ಕಿಂತ ಜಾಸ್ತಿ ಇದ್ದರೆ ದಟ್ಟ. ಇದು ಅಂದಾಜಿನ ಲೆಕ್ಕವೇ, ಆದರೂ ಅಂಗಡಿಯಲ್ಲಿ ಮಾತಾಡುವಾಗ ಕೈಯಲ್ಲಿ ಒಂದು ಅಳತೆ ಇರುತ್ತದೆ. ಕೀಮೊದಿಂದ ಕೂದಲು ಉದುರುವವರಿಗೆ ಸಾಮಾನ್ಯವಾಗಿ ಮೊದಲ ಡೋಸ್ ಆಗಿ ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತದೆ. ಹಾಗಾಗಿ ಈ ಕೆಲಸ ಅದಕ್ಕೂ ಮುಂಚೆ ಮುಗಿಸಿ.

ಡಬ್ಬದ ಮೇಲಿನ ಸಂಖ್ಯೆ

ಅಂಗಡಿಯವರು ಇದನ್ನು ಡೆನ್ಸಿಟಿ ಅನ್ನುತ್ತಾರೆ. 100, 130, 150, 180 ಪರ್ಸೆಂಟ್ ಅಂತ ಬರೆದಿರುತ್ತದೆ. ಕೂದಲು ಅಸಲಿಯೋ ನಕಲಿಯೋ ಅನ್ನುವುದಕ್ಕೂ ಈ ಸಂಖ್ಯೆಗೂ ಸಂಬಂಧ ಇಲ್ಲ. ಒಳಗಿನ ಕ್ಯಾಪಿಗೆ ಎಷ್ಟು ಕೂದಲು ಹೊಲಿದಿದ್ದಾರೆ ಅಥವಾ ಗಂಟು ಹಾಕಿದ್ದಾರೆ ಅನ್ನುವುದನ್ನು ಅದು ಹೇಳುತ್ತದೆ. ಮನುಷ್ಯರ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ವಿಗ್ ಮಾಡುವವರು ಅದನ್ನು ಒಂದು ಸಂಖ್ಯೆಗೆ ಇಳಿಸಿರುತ್ತಾರೆ.

80ರಿಂದ 100 ಅಂದರೆ ತೆಳು. 120, 130 ನೋಡಲು ಸಹಜ. 150 ತುಂಬು ಕೂದಲು. 180, 200 ವೇದಿಕೆಗೆ, ಫೋಟೊಗೆ ಸರಿ. ಅಕ್ಕನಿಗೆ ಮೊದಲು ಕೊಟ್ಟದ್ದು 180. ಅವಳ ಜುಟ್ಟಿನ ಅಳತೆ ಎರಡೂವರೆ ಇಂಚೂ ಇರಲಿಲ್ಲ.

ಎಲ್ಲ ಕಂಪನಿಯ 130 ಒಂದೇ ಅಲ್ಲ. ಅದಕ್ಕೇ ಸಂಖ್ಯೆ ಓದಿ ಬಿಡಬೇಡಿ, ಕೈ ಹಾಕಿ ನೋಡಿ. ನೆತ್ತಿಯ ಭಾಗದಲ್ಲಿ ಎರಡು ಬೆರಳಿನಿಂದ ಕೂದಲು ಬಿಡಿಸಿ. ಸಲೀಸಾಗಿ ಬಿಡಿಸಿಕೊಂಡು, ತಳದಲ್ಲಿ ಚರ್ಮದಂತೆ ತೆಳು ಗೆರೆ ಕಂಡರೆ ಒಳ್ಳೆಯದು. ಎಷ್ಟು ಬಿಡಿಸಿದರೂ ಕೂದಲಿನ ಮೇಲೆ ಕೂದಲೇ ಸಿಕ್ಕುತ್ತಿದ್ದರೆ ಅದು ತಲೆಯ ಮೇಲೆ ಟೋಪಿಯ ಹಾಗೆ ಕೂರುತ್ತದೆ.

ಉದ್ದ ಬದಲಾದರೆ ಲೆಕ್ಕವೂ ಬದಲು

ಭುಜದವರೆಗಿನ ವಿಗ್‌ನಲ್ಲಿ 130 ತುಂಬಿಕೊಂಡು ಕಾಣುತ್ತದೆ. ಸೊಂಟದವರೆಗೆ ಹೋದರೆ ಅದೇ 130 ಕೆಳಗೆ ಇಲಿಬಾಲದಂತೆ ಆಗುತ್ತದೆ. ಹಾಗಾಗಿ 14 ಇಂಚಿನವರೆಗೆ 120, 130 ಸಾಕು. 18, 20 ಇಂಚಾದರೆ 150 ನೋಡಿ. ಅದಕ್ಕೂ ಉದ್ದ ಬೇಕೇಬೇಕು ಅಂದರೆ ಮಾತ್ರ 180. ಉದ್ದವೂ ಜಾಸ್ತಿ, ದಟ್ಟವೂ ಜಾಸ್ತಿ ಆದರೆ ಬೆಲೆ ಎರಡು ಕಡೆಯಿಂದ ಏರುತ್ತದೆ. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲನ್ನೂ ಉದ್ದ ನೋಡಿ ವಿಂಗಡಿಸಿಯೇ ಹರಾಜು ಹಾಕುತ್ತಾರೆ. ಉದ್ದ ಕೂದಲಿಗೆ ಯಾವಾಗಲೂ ಬೆಲೆ ಹೆಚ್ಚು.

ಗುಂಗುರು ಕೂದಲು ಉಬ್ಬಿಕೊಂಡು ನಿಲ್ಲುತ್ತದೆ, ಒಂದು ಮೆಟ್ಟಿಲು ಕಡಿಮೆ ತಗೊಳ್ಳಿ. ಸಿಂಥೆಟಿಕ್ ಎಳೆಯೂ ಹೊಳಪಿನಿಂದ ಇರುವುದಕ್ಕಿಂತ ದಪ್ಪ ಕಾಣುತ್ತದೆ.

ಹಣೆಯ ಅಂಚು

ಇದೊಂದನ್ನು ಮಾತ್ರ ನಿಧಾನವಾಗಿ ನೋಡಿ. ನಮ್ಮ ಹಣೆಯ ಮೇಲೆ ಕೂದಲು ಒಮ್ಮೆಲೇ ಶುರುವಾಗುವುದಿಲ್ಲ. ಮೊದಲು ಪುಟ್ಟ ಪುಟ್ಟ ಎಳೆ, ಆಮೇಲೆ ಬಿಡಿಬಿಡಿ ಕೂದಲು, ಅರ್ಧ ಇಂಚು ಹಿಂದೆ ಹೋದ ಮೇಲೆ ದಟ್ಟ. ವಿಗ್‌ನಲ್ಲೂ ಮುಂದಲೆ ತೆಳು, ಹಿಂದೆ ತುಂಬು ಇರಬೇಕು. ಹಿಂದಲೆ ಎಷ್ಟು ಚೆನ್ನಾಗಿದ್ದರೂ ಮುಂದೆ ಗೋಡೆ ಕಟ್ಟಿದ ಹಾಗಿದ್ದರೆ ಬೇಡ. ಮುಂದೆ ಲೇಸ್, ಅಂದರೆ ಬಲೆಯಂಥ ತೆಳು ಬಟ್ಟೆ ಇದ್ದು, ಒಂದೊಂದೇ ಕೂದಲನ್ನು ಕೈಯಲ್ಲಿ ಗಂಟು ಹಾಕಿರುವ ವಿಗ್‌ನಲ್ಲಿ ಇದು ಸರಿಯಾಗಿ ಬರುತ್ತದೆ. ಕಪ್ಪು ಕೂದಲಾದರೆ ಆ ಗಂಟುಗಳು ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಯಂತೆ ಕಾಣುತ್ತವೆ. ಗಂಟಿನ ಬಣ್ಣ ತಿಳಿ ಮಾಡಿದ್ದಾರಾ ಕೇಳಿ. ಅಕ್ಕನ ಎರಡನೇ ವಿಗ್‌ನಲ್ಲಿ ಬೈತಲೆಗೆ ಕುಂಕುಮ ಇಟ್ಟಾಗ ಅದು ಅವಳದೇ ಬೈತಲೆಯಂತೆ ಕಂಡಿತು. ಅಮ್ಮ ಏನೂ ಹೇಳಲಿಲ್ಲ. ಎಂದಿನಂತೆ ಕಿವಿಯ ಹಿಂದೆ ಕೂದಲು ಸರಿಸಿದರು.

ಅಂಗಡಿಯಿಂದ ಹೊರಗೆ ಬನ್ನಿ

ಜಯನಗರದಲ್ಲಿರಲಿ, ಚಿಕ್ಕಪೇಟೆಯಲ್ಲಿರಲಿ, ಅಂಗಡಿಯ ದೀಪದಲ್ಲಿ ಎಲ್ಲ ವಿಗ್ಗೂ ಚೆಂದ. ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ಜೊತೆಗಿದ್ದವರಿಂದ ಒಂದು ಫೋಟೊ ತೆಗೆಸಿ, ಮನೆಯಿಂದ ತಂದ ಹಳೆಯ ಫೋಟೊ ಪಕ್ಕ ಇಟ್ಟು ನೋಡಿ. ಕೂದಲು ಇನ್ನೂ ಉದುರಿಲ್ಲದಿದ್ದರೆ ಅದನ್ನು ಒತ್ತಿ ಕಟ್ಟಿ, ಚಪ್ಪಟೆಯಾಗಿ ಪಿನ್ ಹಾಕಿ, ಮೇಲೆ ವಿಗ್ ಹಾಕಿ. ಇಲ್ಲದಿದ್ದರೆ ಕೆಳಗಿನ ಕೂದಲೂ ಸೇರಿ ಉಬ್ಬಿದಂತೆ ಕಂಡು ಲೆಕ್ಕ ತಪ್ಪುತ್ತದೆ. ಕೂದಲು ಹೋದ ಮೇಲೆ ಅದೇ ವಿಗ್ ಸ್ವಲ್ಪ ಸಡಿಲ ಆಗುತ್ತದೆ, ಹಿಂದೆ ಬಿಗಿ ಮಾಡುವ ಪಟ್ಟಿ ಇರಲೇಬೇಕು.

ಹತ್ತಿಪ್ಪತ್ತು ನಿಮಿಷ ಹಾಕಿಕೊಂಡೇ ಕೂತಿರಿ. ಬೆಂಗಳೂರಿನ ಸೆಕೆ ಈಗ ಮೊದಲಿನಂತಿಲ್ಲ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ದಟ್ಟ ವಿಗ್ ಅಂದರೆ ಭಾರ, ಬಿಸಿ. ಕೀಮೊ ಆದ ನೆತ್ತಿ ಮೊದಲೇ ನವಿರಾಗಿರುತ್ತದೆ, ಬೆವರಿದರೆ ಕೆರೆತ ಶುರುವಾಗುತ್ತದೆ. ಸ್ಕೂಟರಿನಲ್ಲಿ ಓಡಾಡುವವರು ಹೆಲ್ಮೆಟ್ ಜೊತೆಗೇ ಒಯ್ಯಿರಿ. ಹಿಂದೆ ಕೂರುವವರಿಗೂ ಅದು ಕಡ್ಡಾಯ ತಾನೇ. ಮೊದಲ ವಿಗ್ ಮೇಲೆ ಅಕ್ಕನ ಹೆಲ್ಮೆಟ್ ಇಳಿಯಲೇ ಇಲ್ಲ.

ಬೋಳಾದ ಜಾಗವನ್ನಷ್ಟೇ ಮುಚ್ಚಲು ಗಂಡಸರು ಹಾಕುವ ಪ್ಯಾಚ್‌ಗೂ ಇದೇ ಮಾತು. ಪಕ್ಕದಲ್ಲಿ ಉಳಿದಿರುವ ಸ್ವಂತ ಕೂದಲಿಗೆ ಹೊಂದಬೇಕು, ನಲವತ್ತು ದಾಟಿದವರಿಗೆ ತೆಳುವೇ ಸರಿ.

ಎರಡರ ಮಧ್ಯೆ ಗೊಂದಲ ಆದರೆ

ಗಿಡ್ಡ ವಿಗ್ ಆದರೆ ಕಡಿಮೆ ದಟ್ಟದ್ದನ್ನೇ ತಗೊಳ್ಳಿ. ಉದ್ದದ, ಅಸಲಿ ಕೂದಲಿನ ವಿಗ್ ಆದರೆ ಒಂದು ಮೆಟ್ಟಿಲು ಹೆಚ್ಚು ಇರಲಿ. ಬಾಚಿದಾಗ, ತೊಳೆದಾಗ ವಿಗ್‌ನಿಂದಲೂ ಕೂದಲು ಉದುರುತ್ತದೆ, ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಜಾಸ್ತಿ ಇದ್ದದ್ದನ್ನು ತೆಳು ಮಾಡಿಸಬಹುದು, ಆದರೆ ವಿಗ್ ಕೆಲಸ ಗೊತ್ತಿರುವವರ ಹತ್ತಿರವೇ ಮಾಡಿಸಿ. ಬುಡದ ಹತ್ತಿರ ಕತ್ತರಿ ಆಡಿಸಿದರೆ ತುಂಡು ಕೂದಲು ಮುಳ್ಳಿನಂತೆ ಎದ್ದು ನಿಲ್ಲುತ್ತದೆ.

ಹಬ್ಬ, ಮದುವೆಗೆ ದೊಡ್ಡ ಜಡೆ ಬೇಕು ಅಂತ ದಟ್ಟ ವಿಗ್ ಕೊಳ್ಳುವವರಿದ್ದಾರೆ. ಅದರ ಅಗತ್ಯ ಇಲ್ಲ. ದಿನಕ್ಕೆ ಒಪ್ಪುವ ವಿಗ್ ತಗೊಂಡು ಆ ಒಂದು ದಿನ ಚೌರಿ ಸೇರಿಸಿ. ಚೌರಿಯನ್ನು ಕತ್ತಿನ ಹತ್ತಿರ ಕೆಳಗೆ ಕಟ್ಟಿ, ಮೇಲೆ ಕಟ್ಟಿದರೆ ಭಾರಕ್ಕೆ ವಿಗ್ ಹಿಂದಕ್ಕೆ ಜಾರುತ್ತದೆ. ಮಲ್ಲಿಗೆ ಮುಡಿಯುವಾಗ ಪಿನ್ನನ್ನು ಒಳಗಿನ ಹೊಲಿಗೆಯ ಸಾಲಿಗೆ ಸಿಕ್ಕಿಸಿ, ಲೇಸಿಗೆ ಬೇಡ, ಹರಿಯುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಕ್ಕ ಒಂದು ಮೊಳ ಮುಡಿದಿದ್ದಳು, ಸಂಜೆಯವರೆಗೂ ಅಲುಗಲಿಲ್ಲ.