ಅಳದೆ ಹಾಡೋದು ಕಲಿತಿದ್ದು

ನೂರಕ್ಕೆ 71 ಚಿಲ್ಲರೆ. ಕರೋಕೆ ಮಷೀನು ಮೊದಲ ಸಲ ನನಗೆ ಕೊಟ್ಟ ಮಾರ್ಕ್ಸ್ ಅದು. ಪಕ್ಕದಲ್ಲಿ ಕೂತಿದ್ದ ಆಫೀಸಿನ ಹುಡುಗ, ಸಂಗೀತದ ಗಂಧಗಾಳಿ ಇಲ್ಲದವನು, ಅದೇ ಹಾಡಿಗೆ 88 ತೆಗೆದಿದ್ದ. ನಾನು ಮೈಸೂರಲ್ಲಿ ಟೀಚರ್ ಮನೆಯ ಚಾಪೆ ಮೇಲೆ ಕೂತು ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವನು. ಜೂನಿಯರ್ ಪರೀಕ್ಷೆ ಪಾಸ್, ಸೀನಿಯರ್‌ಗೆ ಅರ್ಧ ತಯಾರಿ. ಹೊಟ್ಟೆ ಉರಿಯದೆ ಇರುತ್ತಾ?

ಇದು ನಡೆದಿದ್ದು 2022ರ ಚಳಿಗಾಲದಲ್ಲಿ, ಟೋಕಿಯೋ ಪಕ್ಕದ ಕವಾಸಾಕಿಯಲ್ಲಿ. ಹಾಡು 'ಡ್ರೈ ಫ್ಲವರ್'. ಯೂರಿ ಅನ್ನೋ ಗಾಯಕನದು, 2020ರಲ್ಲಿ ಬಂದಿದ್ದು. 2021ರಲ್ಲಿ ಬಿಲ್‌ಬೋರ್ಡ್ ಜಪಾನ್‌ನ ಇಡೀ ವರ್ಷದ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ. ಹಾಲು ತರೋಕೆ ಅಂಗಡಿಗೆ ಹೋದರೂ ಕಿವಿಗೆ ಬೀಳುತ್ತಿತ್ತು, ಹಾಗಾಗಿ ಅರ್ಥ ಗೊತ್ತಾಗುವ ಮೊದಲೇ ಬಾಯಿಪಾಠ ಆಗಿಬಿಟ್ಟಿತ್ತು.

ಇಲ್ಲಿನ ಮಷೀನು ಹೇಗೆ ಮಾರ್ಕ್ಸ್ ಕೊಡುತ್ತೆ ಅಂತ ಹೇಳಬೇಕು. ಪರದೆ ಮೇಲೆ ಒಂದೊಂದು ಸ್ವರಕ್ಕೂ ಒಂದೊಂದು ಅಡ್ಡಪಟ್ಟಿ ಬರುತ್ತೆ, ಸರಿಯಾಗಿ ಹಾಡಿದರೆ ಅದರೊಳಗೆ ಬಣ್ಣ ತುಂಬುತ್ತೆ. ಕೊನೆಗೆ ಲೆಕ್ಕ ಒಪ್ಪಿಸುತ್ತೆ. ದನಿಯನ್ನು ಕೆಳಗಿಂದ ಜಾರಿಸಿ ಸ್ವರಕ್ಕೆ ತಂದಿದ್ದು ಎಷ್ಟು ಸಲ (ಅದಕ್ಕೆ ಶಾಕುರಿ ಅನ್ನುತ್ತಾರೆ, ನಮ್ಮ ಜಾರು ಅಂದುಕೊಳ್ಳಿ), ದನಿ ತಿರುಚಿದ್ದು ಎಷ್ಟು ಸಲ (ಇದು ಕೋಬುಶಿ), ಕಂಪನ ಎಷ್ಟು ಸೆಕೆಂಡು, ಎಲ್ಲಾ. ನನ್ನ ಕೋಬುಶಿ ಸಂಖ್ಯೆ ನೋಡಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವರ ಕೂಡಿದ್ದು ಮಾತ್ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಪಟ್ಟಿ ನೇರವಾಗಿತ್ತು, ನನ್ನ ಗೆರೆ ಅದರ ಮೇಲೂ ಕೆಳಗೂ ಹಾವಿನ ಥರ ಹರಿದಾಡುತ್ತಿತ್ತು. ಗಾಂಧಾರವನ್ನು (ಸರಿಗಮದ 'ಗ') ಅಲ್ಲಾಡಿಸದೆ ಬಿಡೋದು ನನ್ನ ಗಂಟಲಿಗೆ ಗೊತ್ತೇ ಇರಲಿಲ್ಲ.

ಆದರೆ ಮಾರ್ಕ್ಸ್‌ಗಿಂತ ಜಾಸ್ತಿ ಚುಚ್ಚಿದ್ದು ಆಫೀಸಿನ ಒಬ್ಬ ಸೀನಿಯರ್ ಹೇಳಿದ ಮಾತು. "ನೀವು ಯಾಕೆ ಅಷ್ಟೊಂದು ಅಳ್ತೀರಾ? ಹಾಡಿನಲ್ಲಿರೋ ಹುಡುಗಿ ಅಳ್ತಾನೇ ಇಲ್ವಲ್ಲ?"

ಹುಡುಗಿನಾ? ಹಾಡಿದ್ದು ಗಂಡಸು! ಮನೆಗೆ ಹೋಗಿ ನಿಘಂಟು ಇಟ್ಟುಕೊಂಡು ಕೂತೆ. ಯೂರಿ ಮೊದಲು 'ಕಕುರೆಂಬೊ' (ಕಣ್ಣಾಮುಚ್ಚಾಲೆ) ಅಂತ ಒಂದು ಹಾಡು ಮಾಡಿದ್ದ. ಅದು ಗಂಡಿನ ಕಡೆಯ ಕಥೆ. ಅದೇ ಜೋಡಿಯ ಕಥೆ ಹೆಣ್ಣಿನ ಬಾಯಲ್ಲಿ ಬಂದರೆ 'ಡ್ರೈ ಫ್ಲವರ್'. ಮುರಿದುಹೋದ ಮೇಲೆ ಅವಳು ಅವನ ದನಿ, ಮುಖ, ಎಡವಟ್ಟುತನ ಎಲ್ಲಾ ಲೆಕ್ಕ ಹಾಕುತ್ತಾಳೆ. ಆಮೇಲೆ ಏನು ಹೇಳುತ್ತಾಳೆ? 'ಕಿರಾಯ್ ಜಾ ನಾಯ್'. ಇಂಗ್ಲಿಷಿನಲ್ಲಿ ಇದಕ್ಕೆ 'ದ್ವೇಷಿಸುವುದಿಲ್ಲ' ಅನ್ನೋ ಅರ್ಥದಲ್ಲಿ ಏನೇನೋ ಬರೆದಿದ್ದರು. ನನಗೆ ತಕ್ಷಣ ಕನ್ನಡದಲ್ಲೇ ಕೇಳಿಸಿತು: ಇಷ್ಟ ಇಲ್ಲ ಅಂತೇನಿಲ್ಲ. ಅಷ್ಟೇ. ನಮ್ಮ ಮನೆ ಹೆಣ್ಣುಮಕ್ಕಳು ವರ ನೋಡಿ ಬಂದಮೇಲೆ ಅಮ್ಮನ ಹತ್ತಿರ ಹೇಳೋ ಮಾತು. ಇಡೀ ಹಾಡು ಆ 'ಅಂತೇನಿಲ್ಲ' ಮೇಲೆ ನಿಂತಿದೆ, ಕೊನೆಗೆ ಅದೇ ಜಾಗಕ್ಕೆ 'ತುಂಬಾ ದ್ವೇಷ' ಅನ್ನೋ ಪದ ಬರುವವರೆಗೂ. ಇದನ್ನು ಹೋಗಿ ನಾನು ಗಮಕ (ಸ್ವರವನ್ನು ಅಲ್ಲಾಡಿಸಿ ಹಾಡೋದು) ಸುರಿದು ಗೋಳಾಡಿದ್ದೆ.

ಆಮೇಲೆ ಇಂಥ ಹಾಡುಗಳನ್ನೇ ಹುಡುಕಿ ಕೇಳಿದೆ. ಇವುಗಳಿಗೆ ಇಲ್ಲಿ ಶಿತ್ಸುರೆನ್ ಹಾಡು ಅನ್ನುತ್ತಾರೆ, ಪ್ರೀತಿ ಕಳೆದುಕೊಂಡ ಹಾಡು ಅಂತ. ಹೃದಯ ಒಡೆಯೋದಿಲ್ಲ ಇಲ್ಲಿ, ಪ್ರೀತಿ ಕಳೆದುಹೋಗುತ್ತೆ. ದುಃಖವನ್ನು ಯಾವುದಾದರೂ ಒಂದು ವಸ್ತುವಿನ ಮೇಲೆ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ಉತಾಡಾ ಹಿಕಾರು 1999ರಲ್ಲಿ, ಇನ್ನೂ 16 ವರ್ಷ, 'ಫಸ್ಟ್ ಲವ್' ಹಾಡಿದಾಗ ಶುರುವಿನಲ್ಲೇ ಬರೋದು ಕೊನೆಯ ಮುತ್ತಿನ ಸಿಗರೇಟು ರುಚಿ. ಅದೇ ಹೆಸರಿನ ಆಲ್ಬಂ ಜಪಾನಿನಲ್ಲಿ 70 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಅಲ್ಲಿ ಇವತ್ತಿಗೂ ಅದೇ ದಾಖಲೆ. ಇನ್ನೂ ಹಿಂದೆ ಹೋದರೆ 1961ರ ಸಾಕಾಮೋತೊ ಕ್ಯೂ ಹಾಡು, 1963ರಲ್ಲಿ 'ಸುಕಿಯಾಕಿ' ಅನ್ನೋ ಸಂಬಂಧವಿಲ್ಲದ ಹೆಸರಲ್ಲಿ (ಅದು ಒಂದು ಮಾಂಸದ ಅಡುಗೆ) ಅಮೆರಿಕದಲ್ಲಿ ನಂಬರ್ ಒನ್ ಆಗಿದ್ದು. ಅದರಲ್ಲಿ ಅವನು ಮೇಲೆ ನೋಡಿಕೊಂಡು ನಡೆಯುತ್ತಾನೆ, ಕಣ್ಣೀರು ಕೆಳಗೆ ಬೀಳಬಾರದು ಅಂತ. ಮಧ್ಯೆ ಸಿಳ್ಳೆ ಬೇರೆ. ಸೀನಿಯರ್ ಹೇಳಿದ್ದು ಆಗ ಪೂರ್ತಿ ಅರ್ಥವಾಯಿತು.

ಇದಕ್ಕೆ ತದ್ವಿರುದ್ಧ ನಮ್ಮ ಬಾಸು. ಅವರದು ಎನ್ಕಾ, ಹಳೇ ಕಾಲದವರ ಹಾಡು. ಪ್ರತಿ ಸಲ 1977ರ ಇಶಿಕಾವಾ ಸಾಯೂರಿ ಹಾಡು, ತ್ಸುಗಾರು ಜಲಸಂಧಿಯದು. ಟೋಕಿಯೋದ ಉಏನೊದಿಂದ ರಾತ್ರಿ ರೈಲು ಹಿಡಿದ ಹೆಂಗಸು ಹಿಮ ಬೀಳುವ ಆಓಮೊರಿಯಲ್ಲಿ ಇಳಿದು, ಒಬ್ಬಳೇ ಹಡಗು ಹತ್ತಿ, ಉತ್ತರಕ್ಕೆ ಹೋಗುತ್ತಾ ಅಳುತ್ತಾಳೆ. 1988ರಲ್ಲಿ ಸಮುದ್ರದಡಿ ಸುರಂಗ ಬಂದಮೇಲೆ ಆ ರೈಲ್ವೆ ಹಡಗು ನಿಂತುಹೋಯಿತು, ನಮ್ಮ ಬಾಸು ಮಾತ್ರ ಇನ್ನೂ ಹತ್ತುತ್ತಲೇ ಇದ್ದಾರೆ! ಎನ್ಕಾದಲ್ಲಿ ಕೋಬುಶಿ ಬೇಕೇ ಬೇಕು. ನನ್ನ ಕೈಗೆ ಮೈಕು ಕೊಟ್ಟರು, ಗಮಕ ಹಾಕಿ ಹಾಡಿದೆ, ಮಷೀನು ಏನೇ ಅನ್ನಲಿ ಬಾಸು ಎದ್ದು ಕೈ ಕುಲುಕಿದರು. ನನ್ನ ಗಂಟಲು ಕೆಟ್ಟಿರಲಿಲ್ಲ, ಜಾಗ ತಪ್ಪಿತ್ತು.

ಸರಿ, ಅಭ್ಯಾಸ. ಇಲ್ಲಿ ಒಬ್ಬರೇ ಹೋಗಿ ಕರೋಕೆ ಹಾಡೋದು ಮಾಮೂಲು, ಹಿತೋಕಾರಾ ಅಂತ ಅದಕ್ಕೆ ಹೆಸರೇ ಇದೆ. ವಾರದ ದಿನ ಮಧ್ಯಾಹ್ನ ಅಗ್ಗ. ರಜೆ ಹಾಕಿ ಹೋಗಿ ಚಿಕ್ಕ ರೂಮಲ್ಲಿ ಮೊದಲು ಮಾಡಿದ ಕೆಲಸ ಶ್ರುತಿ ಇಳಿಸಿದ್ದು, ಮೂರು ಮೆಟ್ಟಿಲು. ಯೂರಿ ದನಿ ನನಗೆ ಎಟುಕುವುದಿಲ್ಲ. ಆಮೇಲೆ ನೋಟ್‌ಬುಕ್ಕಲ್ಲಿ ಸ್ವರ ಬರೆದುಕೊಂಡೆ, ಗೀತೆ ಬರೆದುಕೊಳ್ಳುತ್ತಿದ್ದ ಹಾಗೆ. ಒಂದು ವಾರ ಪದವೇ ಇಲ್ಲದೆ ಬರೀ 'ಅ'ಕಾರ, ಅಲುಗಾಡದೆ.

ಮಾತ್ರೆ ವಿಷಯದಲ್ಲಿ ಮಾತ್ರ ಕನ್ನಡದವನಾಗಿದ್ದು ಲಾಭ ಆಯಿತು. ಜಪಾನಿನವರು ಪದವನ್ನು ಮಾತ್ರೆಯಲ್ಲೇ ಎಣಿಸುತ್ತಾರೆ. ಶಿಂಬುನ್ (ಪೇಪರು) ಅಂದರೆ ನಾಲ್ಕು: ಶಿ, ನ್, ಬು, ನ್. ಆ 'ನ್' ಎಷ್ಟೋ ಸಲ ತನಗೇ ಒಂದು ಸ್ವರ ಕೇಳುತ್ತೆ. ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿ ಲಘು ಗುರು ಗುರುತು ಮಾಡಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಾ?

ರಾಗದಲ್ಲೂ ಪರಿಚಯದ ಮುಖ ಸಿಕ್ಕಿತು. ಜಪಾನಿನ ಎಷ್ಟೋ ಹಳೇ ಹಾಡುಗಳು 'ಯೊನಾನುಕಿ' ಸ್ವರಗಳಲ್ಲಿವೆ, ನಾಲ್ಕನೆಯದು ಏಳನೆಯದು ಬಿಟ್ಟು ಅಂತ ಅರ್ಥ. ಸ ರಿ ಗ ಪ ದ. ನಮ್ಮ ಮೋಹನ ರಾಗ, 'ವರವೀಣಾ' ಗೀತೆಯದು! ದುಃಖದ ಯೊನಾನುಕಿಯೂ ಒಂದಿದೆ, ಶಿವರಂಜನಿ ರಾಗದ ಧೈವತ (ಅಂದರೆ 'ದ') ಇಳಿಸಿದರೆ ಅದು ಬರುತ್ತೆ. ಈಗಿನ ಪಾಪ್ ಹಾಡಿನಲ್ಲಿ ಕಾಡೋದು ರಾಗಕ್ಕಿಂತ ಕೆಳಗೆ ಬಾರಿಸೋ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು). ಬಹಳ ಹಾಡುಗಳ 'ಸಾಬಿ'ಯಲ್ಲಿ (ಪಲ್ಲವಿ ಅನ್ನಿ) ನಾಲ್ಕು, ಐದು, ಮೂರು, ಆರು ಅನ್ನೋ ಸಾಲು ಬರುತ್ತೆ. ಒಂದನೆಯದು, ಅಂದರೆ 'ಸ'ದ ಮನೆ, ಇಲ್ಲವೇ ಇಲ್ಲ. ಮನೆ ಬಾಗಿಲವರೆಗೂ ಬಂದು ಪಕ್ಕದ ಬೀದಿಗೆ ತಿರುಗಿಕೊಂಡ ಹಾಗೆ. ಬಿಡದೆ 'ಸ' ಅನ್ನುವ ತಂಬೂರಿ ಜೊತೆ ಬೆಳೆದ ಕಿವಿಗೆ ಇದು ಹಿಂಸೆ. ಈ ಸಾಲಿಗೆ ಅವರಿಟ್ಟ ಹೆಸರಿನ ಅರ್ಥ ರಾಜಮಾರ್ಗ. (ನೃಪತುಂಗನಿಗೂ ಇದಕ್ಕೂ ಸಂಬಂಧ ಇಲ್ಲ.)

ಮೂರು ತಿಂಗಳಿಗೆ 84 ಬಂತು. 88 ಇವತ್ತಿಗೂ ಬಂದಿಲ್ಲ.

ಅಷ್ಟರಲ್ಲಿ ನಿಶಿ ಕಸಾಯ್‌ನ ಗೆಳೆಯರು, ಟೋಕಿಯೋದಲ್ಲಿ ನಮ್ಮ ದೇಶದವರು ಜಾಸ್ತಿ ಇರೋ ಕಡೆ ಅದು, ಮನೆಯಲ್ಲಿ ರಾಜ್ಯೋತ್ಸವಕ್ಕೆ ಸೇರುತ್ತೇವೆ, ಕನ್ನಡದಲ್ಲಿ ಹಾಡು ಅಂದರು. ನನಗೆ ಹುಚ್ಚು. ಜಪಾನಿ ಧಾಟಿಯದೇ ಒಂದು ಹಾಡು ಕನ್ನಡದಲ್ಲಿ ಕಟ್ಟೋಣ ಅಂತ ಕೂತೆ. ವಾಕ್ಯದ ಕೊನೆಗೆ ಕ್ರಿಯಾಪದ ಬರೋದು ಎರಡೂ ಭಾಷೆಯಲ್ಲಿ ಒಂದೇ, ಅದು ಸಲೀಸು. ತೊಂದರೆ ಆಗಿದ್ದು ನಾನು, ನೀನು ವಿಷಯದಲ್ಲಿ. ಅವರು ಕರ್ತೃವನ್ನು ಆರಾಮಾಗಿ ಬಿಟ್ಟುಬಿಡುತ್ತಾರೆ, ಯಾರು ಯಾರನ್ನು ಬಿಟ್ಟರು ಅಂತ ತಿಳಿಯದ ಹಾಗೆ. ನಮ್ಮಲ್ಲಿ ಕ್ರಿಯಾಪದದ ಬಾಲವೇ ಚಾಡಿ ಹೇಳುತ್ತೆ. ಹೋದ, ಹೋದಳು. ಹೋಗ್ತೀನಿ, ಹೋಗ್ತೀಯ.

ಒಂದು ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು. ನಾನು ಹೋದೆ. ನೀನು ಹೋದೆ. ಎರಡೂ 'ಹೋದೆ'ನೇ! ಮರೆತೆ, ಬಿಟ್ಟೆ, ನಕ್ಕೆ, ಎಲ್ಲವೂ ಹಾಗೇ. ನಾನು, ನೀನು ಎರಡನ್ನೂ ಕಿತ್ತೆಸೆದು ಇಡೀ ಹಾಡನ್ನು ಆ 'ಎ'ಕಾರದಲ್ಲೇ ಮುಗಿಸಿದೆ. "ಛತ್ರಿ ಇಲ್ಲೇ ಬಿಟ್ಟು ಹೋದೆ" ಅನ್ನೋದು ಪಲ್ಲವಿ. ಛತ್ರಿ ನಿಜ, ಮೈಸೂರಿನ ಒಂದು ಮನೆಯಲ್ಲಿದೆ, ಆ ಕಥೆ ಬೇಡ ಬಿಡಿ.

ಗಮಕ ಹಾಕದೆ ಹಾಡಿದೆ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮುಗಿಯಿತು ಅಂತ ಗೊತ್ತಾಗಿರಲಿಲ್ಲ ಅನ್ನಿಸುತ್ತೆ. ಚಿತ್ರಾನ್ನ ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದುಕೊಂಡೇ ಕೇಳಿದರು, "ಅಲ್ಲ ಕಣೋ, ಬಿಟ್ಟು ಹೋಗಿದ್ದು ಯಾರು? ನೀನಾ, ಅವಳಾ?"

"ಜಪಾನಿ ಧಾಟಿ ಅಕ್ಕಾ, ಅಲ್ಲಿ ಅದನ್ನ ಹೇಳಲ್ಲ," ಅಂದೆ.

"ಇಲ್ಲಿ ಹೇಳು," ಅಂದರು.