ಮಕ್ಕಳ ಜೊತೆ ಕುಡಿತದ ಬಗ್ಗೆ ಮಾತಾಡೋದು ಹೇಗೆ?

ಮಗನೋ ಮಗಳೋ ಮನೆ ಬಿಟ್ಟು ಪಿಜಿಗೆ ಹೋಗುವ ಮುಂಚೆಯೇ ಈ ಮಾತು ಆಗಲಿ. ಬರೀ ಬೈಗುಳ, ಬೆದರಿಕೆಯಲ್ಲೇ ಬೆಳೆಸಿದರೆ ಎಷ್ಟೋ ಮಕ್ಕಳು ಕಲಿಯುವುದು ಮುಚ್ಚಿಡುವುದನ್ನು. ಹಾಗಂತ "ಹೊರಗೆ ಬೇಡ, ನಮ್ಮ ಎದುರಿಗೇ ಕುಡಿಯಲಿ" ಅನ್ನುವುದೂ ಸರಿಯಲ್ಲ. ಆಸ್ಟ್ರೇಲಿಯಾದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆತ್ತವರೇ ಮದ್ಯ ಕೊಟ್ಟಿದ್ದರಿಂದ ಮಕ್ಕಳಿಗೆ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ.

ಪ್ರೀತಿಯೂ ಬೇಕು, ಗೆರೆಯೂ ಬೇಕು. ಹೀಗೆ ಹೇಳಿ: "ಕುಡಿದವರ ಬೈಕ್ ಹತ್ತಬೇಡ, ಎಷ್ಟೇ ಹೊತ್ತಾಗಲಿ ಫೋನ್ ಮಾಡು, ನಾನೇ ಬರ್ತೀನಿ, ಆಗ ಒಂದು ಮಾತೂ ಕೇಳಲ್ಲ, ಬೆಳಿಗ್ಗೆ ಮಾತಾಡೋಣ."

ಫೋನ್ ಬಂದ ರಾತ್ರಿ ಆ ಮಾತು ಉಳಿಸಿಕೊಳ್ಳಿ. ದಾರಿಯಲ್ಲಿ ಉಪದೇಶ ಬೇಡ. ಎಚ್ಚರ ಇದ್ದರೆ ನೀರು ಕೊಡಿ, ಮಗ್ಗುಲಾಗಿ ಮಲಗಿಸಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಸುಮ್ನೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಬೆಳಿಗ್ಗೆ ತಿಂಡಿ ಆದ ಮೇಲೆ ಯಾರ ಜೊತೆ, ಎಷ್ಟು, ಯಾಕೆ ಅಂತ ಕೇಳಿ. ಉತ್ತರ ಪೂರ್ತಿ ಕೇಳಿಸಿಕೊಳ್ಳಿ, ಇದೇ ಜಾಸ್ತಿ ಕಷ್ಟ.

ಅಪ್ಪ ದಿನಾ ಸಂಜೆ ಕ್ವಾರ್ಟರ್ ತೆಗೆಯುವ ಮನೆಯಲ್ಲಿ ಇದೆಲ್ಲ ನಡೆಯುವುದಿಲ್ಲ. ಮಕ್ಕಳು ಅದನ್ನೇ ನೋಡಿಕೊಂಡು ಬೆಳೆದಿರುತ್ತಾರೆ ಅಲ್ವಾ? ಮೊದಲು ಅದು ನಿಲ್ಲಲಿ. ಕೈಮೀರಿದೆ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.