ಚಿಕ್ಕ ಬಯಾಪ್ಸಿಯಲ್ಲಿ ನಾನು ಮೊದಲು ನೋಡುವುದು

ಕಲಬುರಗಿಯಲ್ಲಿ ಪೆಥಾಲಜಿ ಕೆಲಸ ನನ್ನದು. ಪಿತ್ತನಾಳ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಯಾಪ್ಸಿ ಬಂದರೆ ಈಗೀಗ ಜೊತೆಗೊಂದು ಚೀಟಿಯೂ ಬರುತ್ತದೆ: ಪಿಡಿ-ಎಲ್1 ಮಾಡಿ. ಪಿಡಿ-ಎಲ್1 ಅಂದರೆ ರೋಗನಿರೋಧಕ ಕೋಶಗಳನ್ನು ತಡೆಹಿಡಿಯುವ ಪ್ರೋಟೀನು. ಅದನ್ನು ನೋಡಿ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಕೆಲಸ ಮಾಡುತ್ತದಾ ಅಂತ ತಿಳಿಯುವ ಆಸೆ. ಆದರೆ ನಾನು ಮೊದಲು ಎಂಎಂಆರ್, ಅಂದರೆ ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು ಇವೆಯಾ ಅಂತ ನೋಡುತ್ತೇನೆ.

ಯಾಕಂದರೆ ತುಣುಕು ಸಾಲುವುದಿಲ್ಲ. ಕಣ್ಣು ಹಳದಿಯಾದರೆ ಕಾಮಣಿ ಅಂತ ನಾಟಿ ಔಷಧಿಗೆ ಹೋಗುವವರು ನಮ್ಮ ಕಡೆ ಈಗಲೂ ಇದ್ದಾರೆ. ಆಸ್ಪತ್ರೆಗೆ ಬರುವ ಹೊತ್ತಿಗೆ ಎಷ್ಟೋ ಜನಕ್ಕೆ ಆಪರೇಷನ್ ಮಾಡುವ ಹಂತ ದಾಟಿರುತ್ತದೆ. ನಮಗೆ ಸಿಗುವುದು ಸೂಜಿಯಲ್ಲಿ ಬಂದ ದಾರದಂಥ ಚೂರು. ಮೇದೋಜೀರಕದ ಗಡ್ಡೆಯಲ್ಲಂತೂ ನಾರೇ ಜಾಸ್ತಿ, ಕ್ಯಾನ್ಸರ್ ಕೋಶ ಅಲ್ಲೊಂದು ಇಲ್ಲೊಂದು. ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್ ಯಂತ್ರಕ್ಕೆ ಏರಿಸಿದಾಗೆಲ್ಲ ಮುಖ ಸಮ ಮಾಡುವುದರಲ್ಲೇ ಒಂದಷ್ಟು ಹೋಗಿಬಿಡುತ್ತದೆ. ಅದಕ್ಕೇ ಬೇಕಾದ ಸ್ಲೈಡುಗಳನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸಿಕೊಳ್ಳುತ್ತೇವೆ.

ಎಂಎಂಆರ್ ಅಂದರೆ ನೋಡುವುದು ಈ ನಾಲ್ಕನ್ನು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಡಿಎನ್‌ಎ ನಕಲಾಗುವಾಗ ಬಿದ್ದ ತಪ್ಪನ್ನು ತಿದ್ದುವ ಪ್ರೋಟೀನುಗಳು ಇವು. ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿದರೆ ಅದು ಇರುವಲ್ಲಿ ಕಂದು ಬಣ್ಣ ಬರುತ್ತದೆ. ಕ್ಯಾನ್ಸರ್ ಕೋಶದ ನ್ಯೂಕ್ಲಿಯಸ್‌ನಲ್ಲಿ ಬಣ್ಣ ಇಲ್ಲದೆ, ಪಕ್ಕದ ಸಹಜ ಬಿಳಿ ರಕ್ತಕಣವಾದ ಲಿಂಫೋಸೈಟ್‌ನಲ್ಲಿ ಇದ್ದರೆ ಮಾತ್ರ ಪ್ರೋಟೀನ್ ಇಲ್ಲ ಅಂತ ಬರೆಯುತ್ತೇನೆ. ಎರಡರಲ್ಲೂ ಬಣ್ಣ ಬಂದಿಲ್ಲ ಅಂದರೆ ಆ ಸ್ಲೈಡನ್ನು ನಂಬುವುದಿಲ್ಲ. ಎಷ್ಟೋ ಸಲ ತುಣುಕು ಸರಿಯಾಗಿ ಫಿಕ್ಸ್ ಆಗಿರುವುದಿಲ್ಲ, ಅಂದರೆ ಕೆಡದಂತೆ ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿರುವುದಿಲ್ಲ. ನಮ್ಮ ಬಿಸಿಲಿನಲ್ಲಿ ಸಲೈನ್‌ನಲ್ಲಿ ಹಾಕಿ ಕಳಿಸಿದರೆ ದಾರಿಯಲ್ಲೇ ಕೆಡುತ್ತದೆ. ಹಾಗಾಗಿ ಸೇಡಂ, ಜೇವರ್ಗಿ ಕಡೆಗೆ 10% ಬಫರ್ ಫಾರ್ಮಲಿನ್ ತುಂಬಿದ ಡಬ್ಬಿಗಳನ್ನು ನಾವೇ ಮುಂಚೆ ಕಳಿಸಿಕೊಡುತ್ತೇವೆ.

ಮೇದೋಜೀರಕದ ಕ್ಯಾನ್ಸರ್‌ನಲ್ಲಿ ಈ ಎಂಎಂಆರ್ ಪ್ರೋಟೀನ್ ಇಲ್ಲದ ದೋಷ ಸಿಗುವುದು ನೂರರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ. ಆದರೆ ಆ ಒಬ್ಬರಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧಿಯ ದಾರಿ ತೆರೆಯುತ್ತದೆ. ಯಾವ ಅಂಗದ ಗಡ್ಡೆಯಾದರೂ ಸರಿ, ಈ ದೋಷ ಇದ್ದರೆ ಕೊಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಒಪ್ಪಿತು. ದೋಷ ಇಲ್ಲದ ಮೇದೋಜೀರಕದ ಕ್ಯಾನ್ಸರ್‌ನಲ್ಲಿ ಪಿಡಿ-ಎಲ್1 ಎಷ್ಟೇ ಗಾಢವಾಗಿ ಕಂಡರೂ ಈ ಔಷಧಿಗಳಿಂದ ಉಪಯೋಗ ತೀರಾ ಕಡಿಮೆ.

ಪಿತ್ತನಾಳದ ಕಥೆ ಬೇರೆ. ಜೆಮ್ಸಿಟಬಿನ್, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಗಳ ಜೊತೆ ಇಮ್ಯುನೋಥೆರಪಿಯ ಡುರ್ವಾಲುಮ್ಯಾಬ್ ಕೊಟ್ಟ ಟೋಪಾಜ್-1 ಅಧ್ಯಯನ ನೋಡಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಪಿಡಿ-ಎಲ್1 ಅಂಕ ಬೇಕೇ ಇಲ್ಲ. ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ (ಮೀಡಿಯನ್) 11.5 ತಿಂಗಳಿಂದ 12.8ಕ್ಕೆ ಏರಿತ್ತು. ಕೆಲವರು ಮಾತ್ರ ಅದಕ್ಕಿಂತ ಬಹಳ ಮುಂದೆ ಹೋದರು. "ಸಾಹೇಬ್ರೇ, ಹೊಲ ಮಾರಿ ಆ ಇಂಜೆಕ್ಷನ್ ಕೊಡಿಸಲೇನ್ರೀ?" ಅಂತ ಕೇಳುವ ಮಗನಿಗೆ ಈ ಅಂಕಿಯನ್ನು ಬಿಡಿಸಿ ಹೇಳಲೇಬೇಕು, ಅಲ್ವಾ? ಹಾಗೆ ಬಿಡಿಸಿ ಹೇಳಿ ಅಂತ ಅವರ ಕ್ಯಾನ್ಸರ್ ಡಾಕ್ಟರಿಗೆ ಫೋನಿನಲ್ಲಿ ಕೇಳಿಕೊಳ್ಳುತ್ತೇನೆ.

ಆಮೇಲೂ ಪಿಡಿ-ಎಲ್1 ಬೇಕೆಂದರೆ ಮಾಡುತ್ತೇನೆ. ಬಣ್ಣ ಸರಿಯಾಗಿ ಬಂದಿದೆಯಾ ಅಂತ ಹೋಲಿಸಲು ಟಾನ್ಸಿಲ್ ಚೂರನ್ನು ಕಂಟ್ರೋಲ್ ಆಗಿ ಇಡುತ್ತೇನೆ, ಜೀವಂತ ಕ್ಯಾನ್ಸರ್ ಕೋಶ ಕನಿಷ್ಠ 100 ಇವೆಯಾ ಅಂತ ನೋಡುತ್ತೇನೆ. ಪಿತ್ತದ ಕಂದು, ಪರೀಕ್ಷೆಯ ಕಂದು ಬೆರೆತು ಕಾಣುವುದರಿಂದ ಆಂಟಿಬಾಡಿ ಹಾಕದ ಸ್ಲೈಡನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೂ ಮೊದಲು ಎಫ್‌ಜಿಎಫ್‌ಆರ್2, ಐಡಿಎಚ್1 ಎಂಬ ಜೀನುಗಳ ಬದಲಾವಣೆಯ ಪರೀಕ್ಷೆಗೆ ಬೇಕಾದಷ್ಟು ಚೂರನ್ನು ತೆಗೆದಿಟ್ಟಿರುತ್ತೇನೆ. ಯಕೃತ್ತಿನೊಳಗಿನ ಪಿತ್ತನಾಳದ ಕ್ಯಾನ್ಸರ್‌ನಲ್ಲಿ ಅವಕ್ಕೆ ತಕ್ಕ ಮಾತ್ರೆಗಳಿವೆ.